ಗಾಳಿಗೂ ಬಿಸಿಲಿಗೂ ಬೆನ್ನು ಕೊಟ್ಟು: ಹಾರುವ ಬೇಟೆಹಕ್ಕಿಯ ಫೋಟೊ ತೆಗೆಯುವ ಬಗೆ

ಹಾರುವ ಹದ್ದಿನ ಚಿತ್ರ ಕೆಟ್ಟರೆ ಮೊದಲು ಬೈಸಿಕೊಳ್ಳುವುದು ಲೆನ್ಸ್. 300 ಎಂಎಂ ಇದ್ದವರಿಗೆ 600 ಇದ್ದಿದ್ದರೆ ಎನಿಸುತ್ತದೆ (ಈ ಅಂಕಿ ದೊಡ್ಡದಾದಷ್ಟೂ ಲೆನ್ಸ್ ದೂರದ್ದನ್ನು ಹತ್ತಿರ ತೋರಿಸುತ್ತದೆ), 600 ಇದ್ದವರಿಗೆ ಹೊಸ ಕ್ಯಾಮೆರಾ ಬೇಕೆನಿಸುತ್ತದೆ. ಕಲಬುರಗಿ ಸುತ್ತಿನ ಎರೆ ಹೊಲ, ಬೀದರಿನ ಕೆಮ್ಮಣ್ಣಿನ ದಿಬ್ಬ, ಯಾದಗಿರಿ ಕಡೆಯ ಕೆರೆ ದಂಡೆಗಳಲ್ಲಿ ಬೇಟೆಹಕ್ಕಿಗಳ ಬೆನ್ನು ಹತ್ತಿ ತಿರುಗಿದ ಮೇಲೆ ನನಗೆ ಖಾತ್ರಿಯಾದದ್ದು ಬೇರೆಯೇ. ಚಿತ್ರದ ಹಣೆಬರಹ ಬಹುಪಾಲು ಕ್ಯಾಮೆರಾ ಕಣ್ಣಿಗೆ ಹಚ್ಚುವ ಮೊದಲೇ ಬರೆದಾಗಿರುತ್ತದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ, ನೀವು ಎಲ್ಲಿ ನಿಂತಿದ್ದೀರಿ ಎನ್ನುವ ಮೂರೇ ಸಂಗತಿ ಅದನ್ನು ಬರೆಯುತ್ತವೆ. ಹಾಗೇಕೆ ಎಂದು ತಿಳಿಯಬೇಕಾದರೆ ಮೊದಲು ಉದ್ದ ಲೆನ್ಸ್ ಮಾಡುವ ಕೆಲಸವನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು.

ಕೈಯನ್ನು ಪೂರ್ತಿ ಮುಂದೆ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಆ ಬೆರಳು ಆಕಾಶದಲ್ಲಿ ಮುಚ್ಚುವ ಅಗಲ ಸುಮಾರು 2 ಡಿಗ್ರಿ. ಫುಲ್ ಫ್ರೇಮ್, ಅಂದರೆ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಾಗಿರುವ ಕ್ಯಾಮೆರಾಕ್ಕೆ 500 ಎಂಎಂ ಲೆನ್ಸ್ ಹಾಕಿದರೆ ಕಾಣುವುದು ಸುಮಾರು 4 ಡಿಗ್ರಿ, ಅಂದರೆ ಅಕ್ಕಪಕ್ಕ ಇಟ್ಟ ಎರಡು ಹೆಬ್ಬೆರಳಿನಷ್ಟು ಆಕಾಶ. ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ ಅದೂ ಇಲ್ಲ, ಮೂರು ಡಿಗ್ರಿಗಿಂತ ಕಡಿಮೆ. ಇಷ್ಟು ಕಿರಿದಾದ ಕಿಂಡಿಯೊಳಗೆ ಹಾರುವ ಹಕ್ಕಿಯನ್ನು ಹುಡುಕುವುದೇ ಹೊಸಬರಿಗೆ ಮೊದಲ ಸೋಲು.

ಈಗ 50 ಮೀಟರ್ ದೂರದಲ್ಲಿ ಹ್ಯಾರಿಯರ್ ಎಂಬ ಬೇಟೆಹಕ್ಕಿಯೊಂದು ಹೊಲದ ಮೇಲೆ ಅಡ್ಡಡ್ಡ ಹಾರುತ್ತಿದೆ ಎಂದುಕೊಳ್ಳಿ. ಆ ದೂರದಲ್ಲಿ 500 ಎಂಎಂ ಫ್ರೇಮಿನ ಅಗಲ 3.6 ಮೀಟರ್. ಹಕ್ಕಿಯ ವೇಗ ಗಂಟೆಗೆ 36 ಕಿಲೋಮೀಟರ್ ಇದ್ದರೆ ಸೆಕೆಂಡಿಗೆ 10 ಮೀಟರ್ ಆಯಿತು. ಕ್ಯಾಮೆರಾ ಅಲ್ಲಾಡಿಸದೆ ನಿಂತರೆ ಹಕ್ಕಿ ಆ ಫ್ರೇಮನ್ನು ದಾಟಲು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತು ಸಾಕು. ಶಟರ್ ಸ್ಪೀಡ್ 1/500 ಸೆಕೆಂಡ್ ಇಟ್ಟಿದ್ದರೆ ಶಟರ್ ತೆರೆದಿರುವಷ್ಟರಲ್ಲೇ ಹಕ್ಕಿ 2 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 24 ಮೆಗಾಪಿಕ್ಸೆಲ್ ಸೆನ್ಸರಿನ ಮೇಲೆ ಆ 2 ಸೆಂಟಿಮೀಟರ್ ಎಂದರೆ ಹೆಚ್ಚುಕಡಿಮೆ 33 ಪಿಕ್ಸೆಲ್ ಉದ್ದದ ಗೀಟು. ಕಣ್ಣು, ಕೊಕ್ಕು, ಗರಿಯ ಅಂಚು ಎಲ್ಲವೂ ಅದರಲ್ಲಿ ಅಳಿಸಿಹೋಗುತ್ತವೆ. 1/2500ಕ್ಕೆ ಏರಿಸಿದರೆ ಅದೇ ಗೀಟು 7 ಪಿಕ್ಸೆಲ್‌ಗೆ ಇಳಿಯುತ್ತದೆ. ಹಕ್ಕಿಯ ಜತೆಗೇ ಕ್ಯಾಮೆರಾ ತಿರುಗಿಸುವ ಪ್ಯಾನಿಂಗ್ ಸರಿಯಾಗಿ ಬಂದರೆ ಮೈಯ ಮಟ್ಟಿಗೆ ಗೀಟು ಇಲ್ಲವೇ ಇಲ್ಲ ಎನ್ನುವಷ್ಟಾಗುತ್ತದೆ. ಆಮೇಲೆ ಉಳಿಯುವುದು ರೆಕ್ಕೆಯ ಬಡಿತ ಮಾತ್ರ.

ಹಾಗಾಗಿ ಶಟರ್ ಸ್ಪೀಡ್ ಎಷ್ಟಿರಬೇಕು ಎನ್ನುವುದನ್ನು ಹಕ್ಕಿ ಏನು ಮಾಡುತ್ತಿದೆ ಎಂದು ನೋಡಿ ಹೇಳಬೇಕು. ರೆಕ್ಕೆ ಚಾಚಿ ತೇಲುವ ಹದ್ದಿಗೆ 1/1000, 1/1250 ಧಾರಾಳ. ರೆಕ್ಕೆ ಬಡಿಯುತ್ತ ಹೋಗುವ ಹ್ಯಾರಿಯರ್‌ಗೆ 1/2000. ನಿಂತಲ್ಲೇ ರೆಕ್ಕೆ ಪಟಪಟಿಸುವ ಕೆಸ್ಟ್ರೆಲ್ ಎಂಬ ಚಿಕ್ಕ ಬೇಟೆಹಕ್ಕಿಗೆ, ಮರದ ಸಂದಿನಿಂದ ಚಿಮ್ಮುವ ಶಿಕ್ರಾ ಎಂಬ ಚಿಕ್ಕ ಗಿಡುಗಕ್ಕೆ 1/2500ಕ್ಕಿಂತ ಕೆಳಗೆ ಬರಬೇಡಿ.

ಫೋಕಸ್ ಲೆಕ್ಕವೂ ಹೀಗೇ ಬಿಗಿಯಾದದ್ದು. 500 ಎಂಎಂ, ಎಫ್ 6.3ರಲ್ಲಿ (ಎಫ್ ಅಂಕಿ ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್ ಎಷ್ಟು ತೆರೆದಿದೆ ಎನ್ನುವ ಅಳತೆ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) 50 ಮೀಟರ್ ದೂರದ ಹಕ್ಕಿಗೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಮೂರೂಮುಕ್ಕಾಲು ಮೀಟರ್ ಸಿಗುತ್ತದೆ. ಹಕ್ಕಿ 20 ಮೀಟರ್ ದೂರಕ್ಕೆ ಬಂದರೆ ಅದು 60 ಸೆಂಟಿಮೀಟರ್‌ಗೆ ಕುಗ್ಗುತ್ತದೆ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದಕ್ಕೆ ಒಂದು ಮೀಟರ್ ದಾಟುವ ಹಕ್ಕಿ ಓರೆಯಾಗಿ ತಿರುಗಿದರೆ ಒಂದು ರೆಕ್ಕೆ ಮಸುಕಾಗಲೇಬೇಕು. ಆಗಲಿ ಬಿಡಿ, ಕಣ್ಣು ಚೂಪಾಗಿದ್ದರೆ ಸಾಕು. ಇದಕ್ಕೆಂದೇ ಆಟೋಫೋಕಸ್ ಅನ್ನು ಸದಾ ಬೆನ್ನಟ್ಟುವ ಮೋಡಿನಲ್ಲಿ ಇಡುವುದು. ನಿಕಾನ್, ಸೋನಿಯಲ್ಲಿ ಅದರ ಹೆಸರು ಎಎಫ್-ಸಿ, ಕ್ಯಾನನ್‌ನ ಡಿಎಸ್ಎಲ್ಆರ್‌ಗಳಲ್ಲಿ ಎಐ ಸರ್ವೋ. ಹಕ್ಕಿಯ ಕಣ್ಣನ್ನೇ ಗುರುತಿಸುವ ಹೊಸ ಮಿರರ್‌ಲೆಸ್ ಕ್ಯಾಮೆರಾ ಇದ್ದರೆ ಈ ಕೆಲಸ ಅರ್ಧ ಹಗುರ. ಹಳೆಯ ಕ್ಯಾಮೆರಾದಲ್ಲಿ ಖಾಲಿ ಆಕಾಶಕ್ಕೆ ಒಂಬತ್ತು ಫೋಕಸ್ ಪಾಯಿಂಟಿನಂಥ ಅಗಲದ ಗುಂಪು, ತೊಗರಿ ಅಥವಾ ಜೋಳದ ಹಿನ್ನೆಲೆ ಇದ್ದರೆ ನಡುವಿನ ಒಂದೇ ಪಾಯಿಂಟ್ ಒಳ್ಳೆಯದು. ಅಗಲದ ಗುಂಪು ಇಟ್ಟುಕೊಂಡರೆ ಫೋಕಸ್ ಹಕ್ಕಿಯನ್ನು ಬಿಟ್ಟು ತೊಗರಿ ಗಿಡ ಹಿಡಿದು ಕೂರುತ್ತದೆ. ಲೆನ್ಸಿನ ಪಕ್ಕದಲ್ಲಿ ಫೋಕಸ್ ಲಿಮಿಟ್ ಸ್ವಿಚ್ ಇದ್ದರೆ ಹತ್ತಿರದ ದೂರಗಳನ್ನು ಕತ್ತರಿಸಿಬಿಡಿ, ಫೋಕಸ್ ತಪ್ಪಿದಾಗ ಈ ತುದಿಯಿಂದ ಆ ತುದಿಗೆ ಅಲೆಯುವುದು ನಿಲ್ಲುತ್ತದೆ. ಹಕ್ಕಿ ಬರುವ ಮೊದಲು ಸುಮಾರು ಅಷ್ಟೇ ದೂರದ ಒಂದು ಕರೆಂಟ್ ಕಂಬಕ್ಕೋ ಜಾಲಿ ಗಿಡಕ್ಕೋ ಫೋಕಸ್ ಮಾಡಿಟ್ಟುಕೊಂಡರೆ ಇನ್ನೂ ಬೇಗ ಹಿಡಿಯುತ್ತದೆ.

ಇನ್ನು ಗಾಳಿಯ ವಿಷಯ. ಮೇಲೆ ಹಕ್ಕಿಯ ವೇಗ ಸೆಕೆಂಡಿಗೆ 10 ಮೀಟರ್ ಎಂದು ಲೆಕ್ಕ ಹಾಕಿದೆವಲ್ಲ, ಅದು ಗಾಳಿ ಇಲ್ಲದಾಗಿನ ಮಾತು. ಹಕ್ಕಿ ಈಜುವುದು ಗಾಳಿಯೊಳಗೆ, ನಾವು ನಿಂತಿರುವುದು ನೆಲದ ಮೇಲೆ. ಸೆಕೆಂಡಿಗೆ 4 ಮೀಟರ್ ಗಾಳಿ ಬೀಸುತ್ತಿದೆ ಎನ್ನಿ. ಗಾಳಿಗೆ ಎದುರಾಗಿ ಹಾರುವ ಹಕ್ಕಿ ನಮ್ಮ ಕಣ್ಣಿಗೆ ಸೆಕೆಂಡಿಗೆ 6 ಮೀಟರ್ ಸಾಗುತ್ತದೆ, ಗಾಳಿಯ ಜತೆ ಹೋಗುವ ಹಕ್ಕಿ 14 ಮೀಟರ್. ಅದೇ ಹಕ್ಕಿ, ಅದೇ ಶ್ರಮ, ನಮ್ಮ ಪಾಲಿಗೆ ಎರಡೂಕಾಲು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಎದುರುಗಾಳಿಯ ಹಕ್ಕಿಗೆ ನಿಮ್ಮ ಮಾಮೂಲಿ ಲೆನ್ಸು, ಮಾಮೂಲಿ ಕೈ ಸಾಕಾಗುತ್ತದೆ. ಹಿಂಗಾಳಿಯ ಹಕ್ಕಿಯ ಮುಂದೆ ಲಕ್ಷಾಂತರ ರೂಪಾಯಿಯ ಲೆನ್ಸ್ ಕೂಡ ತಡವರಿಸುತ್ತದೆ. ಕೆಸ್ಟ್ರೆಲ್ ಆಕಾಶದಲ್ಲಿ ನಿಂತಂತೆ ಕಾಣುವುದೂ ಇದೇ ಲೆಕ್ಕದಿಂದ. ಅದು ಗಾಳಿಗೆ ಮುಖ ಮಾಡಿ ಗಾಳಿಯಷ್ಟೇ ವೇಗದಲ್ಲಿ ಹಾರುತ್ತದೆ, ನೆಲಕ್ಕೆ ಹೋಲಿಸಿದರೆ ವೇಗ ಸೊನ್ನೆ.

ಬೇಟೆಹಕ್ಕಿ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿಯೇ. ಕಂಬದ ಮೇಲೆ ಕೂತಾಗಲೂ ಹೆಚ್ಚಾಗಿ ಗಾಳಿಗೇ ಮುಖ ಮಾಡಿರುತ್ತದೆ, ಇಲ್ಲವಾದರೆ ಗರಿ ಕೆದರುತ್ತದೆ. ಆದ್ದರಿಂದ ಗಾಳಿ ನಿಮ್ಮ ಬೆನ್ನಿಗೆ ಬೀಸುವಂತೆ ನಿಂತರೆ ಹಕ್ಕಿಯ ಮುಖ ನಿಮ್ಮ ಕಡೆ, ಅದು ಬರುವುದೂ ನಿಮ್ಮ ಕಡೆ, ಬರುವುದು ನಿಧಾನವಾಗಿ. ಇದಕ್ಕೆ ಬಿಸಿಲೂ ಬೆನ್ನಿಗಿದ್ದರೆ ಮುಖದ ಮೇಲೆ, ಎದೆಯ ಮೇಲೆ ಬೆಳಕು ಬೀಳುತ್ತದೆ, ಕಣ್ಣಿನಲ್ಲಿ ಹೊಳಪು ಕೂರುತ್ತದೆ. ಗಾಳಿ, ಬಿಸಿಲು ಎರಡೂ ಒಂದೇ ಕಡೆಯಿಂದ ಸಿಗುವ ಹೊತ್ತು ಯಾವುದು ಎನ್ನುವುದೇ ಪ್ರಶ್ನೆ. ನಮ್ಮ ಭಾಗಕ್ಕೆ ಇದರ ಉತ್ತರ ಬಹಳ ಅನುಕೂಲವಾಗಿದೆ. ದೀಪಾವಳಿಯ ನಂತರ ಚಳಿಗಾಲ ಮುಗಿಯುವ ತನಕ ಇಲ್ಲಿ ಹೆಚ್ಚಾಗಿ ಮೂಡಣ, ಈಶಾನ್ಯದ ಗಾಳಿ. ಬೆಳಗಿನ ಸೂರ್ಯನೂ ಮೂಡಣಕ್ಕೇ. ಚಳಿಗಾಲದ ಬೆಳಿಗ್ಗೆ ಮೂಡಣಕ್ಕೆ ಬೆನ್ನು ಮಾಡಿ ನಿಂತವರಿಗೆ ಎರಡೂ ಒಟ್ಟಿಗೆ ದಕ್ಕುತ್ತವೆ. ಕೆಸ್ಟ್ರೆಲ್, ಹ್ಯಾರಿಯರ್‌ಗಳಂಥ ವಲಸೆ ಹಕ್ಕಿಗಳು ಇಲ್ಲಿರುವುದೂ ಇದೇ ತಿಂಗಳುಗಳಲ್ಲಿ. ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ಬೆಳಿಗ್ಗೆ ಹಕ್ಕಿ ಸೂರ್ಯನಿಗೆ ಬೆನ್ನು ಮಾಡಿರುತ್ತದೆ. ಆಗ ಮೋಡ ಸರಿದ ಸಂಜೆಗಾಗಿ ಕಾಯಬೇಕು, ಪಡುವಣಕ್ಕೆ ಬೆನ್ನು ಮಾಡಿ ನಿಲ್ಲಬೇಕು. ಹೊಲಕ್ಕೆ ಹೋದ ಕೂಡಲೇ ಗುಡಿಯ ಪತಾಕೆ, ದರ್ಗಾದ ನಿಶಾನಿ, ರಾಶಿ ಮಾಡುವಲ್ಲಿ ಹಾರುವ ಹೊಟ್ಟು, ಇಟ್ಟಂಗಿ ಭಟ್ಟಿಯ ಹೊಗೆ, ಇವುಗಳಲ್ಲಿ ಒಂದನ್ನು ನೋಡಿಕೊಳ್ಳಿ. ಕ್ಯಾಮೆರಾ ಸೆಟ್ಟಿಂಗ್ ಎಲ್ಲ ಆಮೇಲೆ.

ಕಲಿಯುವವರಿಗೆ ನಾನು ಮೊದಲು ಹೇಳುವ ಹಕ್ಕಿ ಕಪ್ಪು ರೆಕ್ಕೆಯ ಹದ್ದು. ಕಾಗೆಗಿಂತ ದೊಡ್ಡದಲ್ಲ, ಮೈ ಬೂದು ಬಿಳಿ, ಭುಜದ ಮೇಲೆ ಕಪ್ಪು ಪಟ್ಟಿ, ಕಣ್ಣು ಕೆಂಪು. ವರ್ಷವಿಡೀ ಇಲ್ಲೇ ಇರುತ್ತದೆ, ತೊಗರಿ ಕೊಯ್ಲಾಗಿ ಇಲಿಗಳು ಬಯಲಿಗೆ ಬಿದ್ದಾಗ ಚೆನ್ನಾಗಿ ಕಾಣುತ್ತದೆ. ಇದರ ಬೇಟೆಯಲ್ಲಿ ಒಂದು ಕ್ರಮವಿದೆ. ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು ತಲೆ ತಗ್ಗಿಸಿ ನೆಲ ನೋಡುತ್ತದೆ. ಏನೋ ಕಂಡರೆ ಸ್ವಲ್ಪ ಕೆಳಗಿಳಿದು ಮತ್ತೆ ನಿಲ್ಲುತ್ತದೆ. ಇನ್ನಷ್ಟು ಇಳಿದು ಮತ್ತೆ ನಿಲ್ಲುತ್ತದೆ. ಕಾಲುಗಳು ಕೆಳಗೆ ಜೋತುಬಿದ್ದವೆಂದರೆ ಇನ್ನು ಬೀಳುವ ಹೊತ್ತು ಬಂತೆಂದು ತಿಳಿಯಿರಿ. ಕೊನೆಗೆ ಎರಡೂ ರೆಕ್ಕೆ ಮೇಲೆತ್ತಿ ಕೆಳಗಿಳಿಯುತ್ತದೆ. ಪ್ರತಿ ನಿಲುಗಡೆಯೂ ಫೋಕಸ್ ಸರಿಪಡಿಸಿಕೊಳ್ಳಲು ಸಿಗುವ ಅವಕಾಶ. ಮೊದಲ ನಿಲುಗಡೆಯಲ್ಲೇ ಒಂದರ ಹಿಂದೊಂದು ಸರಸರ ತೆಗೆಯುವ ಬರ್ಸ್ಟ್ ಒತ್ತಿ ಹಿಡಿದರೆ ಕ್ಯಾಮೆರಾದ ಬಫರ್ (ತಾತ್ಕಾಲಿಕ ನೆನಪು) ತುಂಬಿ, ರೆಕ್ಕೆ ಎತ್ತುವ ಗಳಿಗೆಗೆ ಕ್ಯಾಮೆರಾ ಮುಷ್ಕರ ಹೂಡುತ್ತದೆ. ಕಾಲು ಜೋತುಬೀಳುವ ತನಕ ತಾಳ್ಮೆಯಿಂದ ಒಂದೊಂದೇ ತೆಗೆಯಿರಿ. ಕಂಬದಿಂದ ಏಳುವ ಹಕ್ಕಿಗೂ ಇಂಥ ಸುಳಿವುಗಳಿವೆ: ಮೈ ಮುಂದಕ್ಕೆ ಬಾಗುತ್ತದೆ, ಎಷ್ಟೋ ಸಲ ಹಿಕ್ಕೆ ಹಾಕಿ ಹಗುರಾಗಿ ಏಳುತ್ತದೆ.

ಊರೊಳಗಿನವರಿಗೆ ಮಾಮೂಲಿ ಕಂದು ಹದ್ದೇ ಗುರು. ಮಾಂಸದ ಅಂಗಡಿಗಳ ಸಾಲು, ಕಸ ಸುರಿಯುವ ಜಾಗ, ಕೆರೆ ದಂಡೆ ಎಲ್ಲಿ ಬೇಕಾದರೂ ಸಿಗುತ್ತದೆ. ಅದರ ಕವಲು ಬಾಲ ನೋಡಿ, ತಿರುಗುವಾಗ ಚುಕ್ಕಾಣಿ ಹಿಡಿದ ಹಾಗೆ ಆ ಕಡೆ ಈ ಕಡೆ ಹೊರಳುತ್ತದೆ. ಬಾಲ ಹೊರಳಿತೆಂದರೆ ಹಕ್ಕಿ ತಿರುಗುತ್ತದೆ, ನಿಮ್ಮ ಸೊಂಟವೂ ಆ ಕಡೆಗೆ ತಿರುಗಬೇಕು. ಸುತ್ತು ಹಾಕುವ ಹದ್ದಿನ ಪ್ರತಿ ಸುತ್ತಿನಲ್ಲೂ ಒಂದು ಗಳಿಗೆ ಅದರ ಮೈ ಸೂರ್ಯನ ಕಡೆ ವಾಲುತ್ತದೆ, ರೆಕ್ಕೆಯ ಒಳಮೈಗೆ ಬೆಳಕು ಬೀಳುತ್ತದೆ. ಒಂದೆರಡು ಸುತ್ತು ಬರಿಗಣ್ಣಿನಿಂದ ನೋಡಿ, ಆ ಗಳಿಗೆ ಎಲ್ಲಿ ಬರುತ್ತದೆಂದು ಗುರುತಿಟ್ಟುಕೊಂಡು, ಆಮೇಲೆ ಕ್ಯಾಮೆರಾ ಎತ್ತಿ. ಉಳಿದ ಸುತ್ತೆಲ್ಲ ಕಪ್ಪು ನೆರಳೇ.

ನಿಲ್ಲುವ ರೀತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈಗ ಹೆಚ್ಚು ಜನರ ಕೈಯಲ್ಲಿರುವ 150-600 ಎಂಎಂ ಲೆನ್ಸ್‌ಗಳು ಎರಡು ಕಿಲೋ ಆಸುಪಾಸು ತೂಗುತ್ತವೆ, ಮೇಲೆ ಕ್ಯಾಮೆರಾದ ಭಾರ. ಎಡಗೈ ಲೆನ್ಸಿನ ಕೆಳಗೆ ಭಾರ ಸಮನಾಗುವ ಜಾಗದಲ್ಲಿರಲಿ, ಮೊಣಕೈಗಳು ಪಕ್ಕೆಗೆ ಒತ್ತಿರಲಿ. ಪಾದಗಳನ್ನು ಹಕ್ಕಿ ಈಗ ಇರುವ ಕಡೆಗಿಡದೆ, ಅದು ಹೋಗಿ ಮುಟ್ಟುವ ಕಡೆಗಿಟ್ಟು, ಸೊಂಟದಿಂದ ಹಿಂದಕ್ಕೆ ತಿರುಗಿ ಶುರು ಮಾಡಿ. ಹಕ್ಕಿ ಸಾಗಿದಂತೆ ಮೈ ತಾನೇ ಸಡಿಲಾಗುತ್ತ ಬರುತ್ತದೆ. ಝೂಮ್ ಇದ್ದರೆ ಅಗಲದಲ್ಲಿ ಹುಡುಕಿ ಹಿಡಿದು, ಆಮೇಲೆ ಹಿಗ್ಗಿಸಿ. ಟ್ರೈಪಾಡ್ ಹಾರುವ ಹಕ್ಕಿಗೆ ಅಡ್ಡಿಯೇ ಹೆಚ್ಚು. ನನ್ನನ್ನು ಕೇಳಿದರೆ ದಿನವಿಡೀ ಎತ್ತಿ ಹಿಡಿಯಬಲ್ಲ ಹಗುರ 400 ಎಂಎಂ, ಭಾರದ 600ಕ್ಕಿಂತ ಮೇಲು.

ಎರೆ ನಾಡಿನಲ್ಲಿ ಉದ್ದ ಲೆನ್ಸಿನ ದೊಡ್ಡ ವೈರಿ ಬಿಸಿಲ ಝಳ. ಕಪ್ಪು ಮಣ್ಣು ಬಿಸಿಲನ್ನು ಹೀರಿ ಬೇಗ ಕಾಯುತ್ತದೆ. ಅದಕ್ಕೆ ತಾಗಿದ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಮೇಲಿನ ತಂಪು ಗಾಳಿ ಕೆಳಗಿಳಿಯುತ್ತದೆ. ಬಿಸಿ ಗಾಳಿ, ತಂಪು ಗಾಳಿ ಬೆಳಕನ್ನು ಬಾಗಿಸುವ ಪ್ರಮಾಣ ಬೇರೆ ಬೇರೆ, ಹಾಗಾಗಿ ಇವೆರಡು ಕಲಸಿದಲ್ಲಿ ಬೆಳಕು ನೆಟ್ಟಗೆ ಬರುವುದಿಲ್ಲ. ಡಾಂಬರು ರಸ್ತೆಯ ಮೇಲೆ ನೀರು ಕಂಡಂತಾಗುವ ಬಿಸಿಲ್ಗುದುರೆಗೂ ಮೂಲ ಇದೇ. ಲೆನ್ಸ್ ಹಕ್ಕಿಯನ್ನು ಹಿಗ್ಗಿಸುವಾಗ ನಡುವಿನ ಈ ಕದಡಿದ ಗಾಳಿಯನ್ನೂ ಹಿಗ್ಗಿಸುತ್ತದೆ. ಶಟರ್ ಸ್ಪೀಡ್ ಏರಿಸಿದರೂ, ಅಪರ್ಚರ್ ಕಿರಿದು ಮಾಡಿದರೂ, ಹೊಸ ಲೆನ್ಸ್ ಕೊಂಡರೂ ಇದು ಹೋಗದು. ಹೊಲಕ್ಕೆ ಹೋದಾಗ ದೂರದ ಕರೆಂಟ್ ಕಂಬವೊಂದನ್ನು ಸ್ಕ್ರೀನಿನಲ್ಲಿ ಪೂರ್ತಿ ಹಿಗ್ಗಿಸಿ ನೋಡಿ. ಕಂಬದ ಅಂಚು ಹಾವಿನಂತೆ ಹರಿದಾಡುತ್ತಿದ್ದರೆ ಅಷ್ಟು ದೂರದ ಹಕ್ಕಿಯ ಆಸೆ ಬಿಡಿ, ಹತ್ತಿರ ಬಂದದ್ದನ್ನು ಮಾತ್ರ ತೆಗೆಯಿರಿ. ಕಾರಿನೊಳಗೆ ಎಸಿ ಹಾಕಿಕೊಂಡು ಗಾಜು ಇಳಿಸಿ ತೆಗೆಯುವವರು ಈ ಕದಡುವಿಕೆಯನ್ನು ಲೆನ್ಸಿನ ಬಾಯಿಗೇ ತಂದುಕೊಳ್ಳುತ್ತಾರೆ. ಎಸಿ, ಎಂಜಿನ್ ಎರಡನ್ನೂ ಆರಿಸಿ, ಒಳಗಿನ ಹೊರಗಿನ ಗಾಳಿ ಸಮನಾಗಲು ಸ್ವಲ್ಪ ಹೊತ್ತು ಬಿಡಿ.

ಇದೇ ಬಿಸಿ ಗಾಳಿಯ ಕಂಬಗಳನ್ನೇರಿ ಹದ್ದುಗಳು ರೆಕ್ಕೆ ಬಡಿಯದೆ ಮೇಲಕ್ಕೆ ಹೋಗುತ್ತವೆ. ನೆಲ ಕಾಯುವ ಮೊದಲು ಅವಕ್ಕೆ ಆ ಸವಾರಿ ಇಲ್ಲ, ರೆಕ್ಕೆ ಬಡಿಯುತ್ತ ತಗ್ಗಿನಲ್ಲೇ ಹಾರಬೇಕು. ಹೊತ್ತೇರಿದಂತೆ ಹಕ್ಕಿಗಳು ಮೇಲೆ ಮೇಲೆ ಹೋಗಿ ಚುಕ್ಕೆಗಳಾಗುತ್ತವೆ. ಹಕ್ಕಿ ದೂರವಾಗುವುದು, ಝಳ ಏಳುವುದು, ಬೆಳಕು ನೆತ್ತಿಗೆ ಬಂದು ರೆಕ್ಕೆಯ ಒಳಮೈ ಕಪ್ಪಾಗುವುದು, ಮೂರೂ ಒಂದೇ ಹೊತ್ತಿಗೆ ಆಗುತ್ತವೆ. ಸೂರ್ಯ ಹುಟ್ಟಿದ ಮೊದಲ ಎರಡು ತಾಸಿಗೆ ಅಷ್ಟು ಬೆಲೆ ಅದಕ್ಕೇ. ಫೆಬ್ರುವರಿ ಕಳೆದ ಮೇಲೆ ಕಲಬುರಗಿಯಲ್ಲಿ ಆ ಎರಡು ತಾಸೂ ಪೂರ್ತಿ ಸಿಗುವುದಿಲ್ಲ.

ಎಕ್ಸ್‌ಪೋಜರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಬಿಡಬೇಕು ಎನ್ನುವುದರ ಬಗ್ಗೆ ಜನ ಇಲ್ಲದ ತಲೆನೋವು ಮಾಡಿಕೊಳ್ಳುತ್ತಾರೆ. ಹಕ್ಕಿ ಆಕಾಶದಿಂದ ಹೊಲದ ಮುಂದೆ, ಹೊಲದಿಂದ ಮತ್ತೆ ಆಕಾಶಕ್ಕೆ ಹೋದಂತೆಲ್ಲ ಕ್ಯಾಮೆರಾದ ಮೀಟರ್ ಲೆಕ್ಕ ಬದಲಿಸುತ್ತದೆ. ಬೆಳ್ಳನೆ ಆಕಾಶ ಕಂಡು ಹಕ್ಕಿಯನ್ನು ಕಪ್ಪಗೆ ಮಾಡುತ್ತದೆ, ಕಪ್ಪು ಹೊಲ ಕಂಡು ಹಕ್ಕಿಯನ್ನು ಬೆಳ್ಳಗೆ ಸುಟ್ಟುಬಿಡುತ್ತದೆ. ಹಕ್ಕಿಯ ಮೇಲೆ ಬೀಳುವ ಬಿಸಿಲು ಮಾತ್ರ ಬದಲಾಗಿರುವುದಿಲ್ಲ. ಆದ್ದರಿಂದ ಮ್ಯಾನುಯಲ್ ಮೋಡಿನಲ್ಲಿ ಬಿಸಿಲಿಗೆ ತಕ್ಕಂತೆ ಒಮ್ಮೆ ಇಟ್ಟು ಬಿಟ್ಟುಬಿಡುವುದು ಮೇಲು. ಹಳೆಯ ರೀಲ್ ಕಾಲದ ಸೂತ್ರ ಇಂದಿಗೂ ನಡೆಯುತ್ತದೆ: ಚೆನ್ನಾಗಿ ಬಿಸಿಲಿದ್ದಾಗ ಎಫ್ 16ಕ್ಕೆ ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಎನ್ನುವ ಅಂಕಿ) ಎಷ್ಟೋ, ಸೆಕೆಂಡಿನ ಅಷ್ಟನೇ ಒಂದು ಭಾಗ ಶಟರ್. ಐಎಸ್‌ಒ 400ಕ್ಕೆ ಎಫ್ 16ರಲ್ಲಿ 1/400. ಅದನ್ನೇ ಎಫ್ 6.3ಕ್ಕೆ ತೆರೆದರೆ 1/2500 ಆಗುತ್ತದೆ, ನಮಗೆ ಬೇಕಾದದ್ದೂ ಅದೇ. ಬೆಳಗಿನ ಎಳೆ ಬಿಸಿಲಿಗೆ ಐಎಸ್‌ಒ 800 ಮಾಡಿ. ಕಂದು ಹದ್ದಿನಂಥ ಗಾಢ ಬಣ್ಣದ ಮೈಯವಕ್ಕೆ ಅರ್ಧ ಸ್ಟಾಪ್ ಹೆಚ್ಚು (ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್), ಕಪ್ಪು ರೆಕ್ಕೆಯ ಹದ್ದು, ಗಂಡು ಪ್ಯಾಲಿಡ್ ಹ್ಯಾರಿಯರ್‌ನಂಥ ಬಿಳಿಯವಕ್ಕೆ ಅರ್ಧ ಸ್ಟಾಪ್ ಕಡಿಮೆ.

ರೆಕ್ಕೆಯ ಒಳಮೈಗೆ ಬೆಳಕು ನೆಲದಿಂದಲೂ ಚಿಮ್ಮುತ್ತದೆ, ಇದನ್ನು ಗಮನಿಸುವವರು ಕಡಿಮೆ. ಎರೆ ಮಣ್ಣು ಬಂದ ಬೆಳಕನ್ನೆಲ್ಲ ನುಂಗುತ್ತದೆ. ಜೋಳ ಕೊಯ್ದ ಮೇಲಿನ ಒಣ ಕೂಳೆ, ಭೀಮೆಯ ಮರಳು, ಶಹಾಬಾದ್ ಕಡೆಯ ಫರಸಿ ಕಲ್ಲಿನ ಗಣಿಗಳ ಬಿಳಿ ಚೂರಿನ ರಾಶಿ ಬೆಳಕನ್ನು ಮೇಲಕ್ಕೆ ಎಸೆಯುತ್ತವೆ. ಅಲ್ಲಿ ಬಿಸಿಲು ಸ್ವಲ್ಪ ಏರಿದ ಮೇಲೂ ರೆಕ್ಕೆಯ ಒಳಗಿನ ಗೆರೆಗಳು ಕಾಣುತ್ತವೆ. ಬೀದರಿನ ಕೆಮ್ಮಣ್ಣಿನ ಮೇಲೆ ಅದೇ ಒಳಮೈಗೆ ತೆಳುವಾದ ಕೆಂಪು ಛಾಯೆ ಬರುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ತಪ್ಪೆಂದು ತಿಳಿದು ತೆಗೆದುಹಾಕಬೇಡಿ, ಅದು ಆ ನೆಲದ ಬಣ್ಣ.

ಬೀದರಿಗೆ ಇನ್ನೊಂದು ಭಾಗ್ಯವಿದೆ. ಊರು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲಿದೆ, ಬಹಮನಿ ಸುಲ್ತಾನರ ಕೋಟೆ ಅದರ ಅಂಚಿಗೇ ನಿಂತಿದೆ. ಬಯಲಿನಿಂದ ಬಂದ ಗಾಳಿ ಆ ಅಂಚಿಗೆ ಬಡಿದು ಮೇಲಕ್ಕೆ ಹರಿಯುತ್ತದೆ, ಹದ್ದುಗಳು ಆ ಗಾಳಿಯನ್ನು ಹಿಡಿದು ಅಂಚಿನ ಉದ್ದಕ್ಕೂ ತೇಲುತ್ತವೆ. ಮೇಲೆ ನಿಂತವರಿಗೆ ಹಕ್ಕಿ ಕಣ್ಣಿನ ಮಟ್ಟಕ್ಕೇ ಸಿಗುತ್ತದೆ, ಕೆಲವೊಮ್ಮೆ ಕೆಳಗೂ. ರೆಕ್ಕೆಯ ಮೇಲ್ಮೈ, ಬೆನ್ನಿನ ಗರಿ, ಹಿಂದೆ ಬಯಲು ಕಾಣುವ ಚಿತ್ರ ಸಪಾಟು ಹೊಲದಲ್ಲಿ ನಿಂತು ಸಿಗುವುದು ಕಷ್ಟ. ಕೋಟೆಯೊಳಗೆ ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಬೀದರಿನಲ್ಲಿ ವಾಯುಪಡೆಯ ನೆಲೆಯೂ ಇದೆ. ಹಕ್ಕಿ ಆ ಕಡೆ ಹಾರಿದರೆ ಹಾರಲಿ, ಉದ್ದ ಲೆನ್ಸನ್ನು ಆ ಕಡೆ ತಿರುಗಿಸಬೇಡಿ. ಯಾದಗಿರಿ ಜಿಲ್ಲೆಯ ಬೋನಾಳದಂಥ ಕೆರೆಗಳಲ್ಲಿ ಜೊಂಡಿನ ಮೇಲೆ ತಗ್ಗಿನಲ್ಲಿ ತೇಲುವ ಮಾರ್ಷ್ ಹ್ಯಾರಿಯರ್‌ಗಾಗಿ ದಂಡೆಯಲ್ಲಿ ಕೂತು ಕಾಯುವುದೇ ದಾರಿ. ಅದು ಅದೇ ಜೊಂಡಿನ ಅಂಚನ್ನು ಮತ್ತೆ ಮತ್ತೆ ಸೋಸುತ್ತದೆ, ಹಿಂದೆ ಓಡುವ ಅಗತ್ಯವಿಲ್ಲ.

ಹೊಲಕ್ಕೆ ಕಾಲಿಡುವ ಮೊದಲು ಹೊಲದವರನ್ನು ಮಾತಾಡಿಸಿ. ಉದ್ದ ಲೆನ್ಸ್ ಕಂಡರೆ ಬರುವ ಮೊದಲ ಪ್ರಶ್ನೆ, "ಏನ್ರೀ ಸರ, ಸರ್ವೇ ಮಾಡ್ಲಾಕ ಬಂದೀರೇನು?" ಭೂಮಿ ಹೋಗುವ ಭಯ ಆ ಪ್ರಶ್ನೆಯಲ್ಲಿರುತ್ತದೆ. "ಇಲ್ರಿ ಕಾಕಾ, ಹಕ್ಕಿ ಫೋಟೊ ತೆಗೀಲಾಕ ಬಂದೀನ್ರಿ" ಎಂದು ಕ್ಯಾಮೆರಾದಲ್ಲಿ ಒಂದು ಚಿತ್ರ ತೋರಿಸಿದರೆ, "ಈ ಬಿಳೀದೇನ್ರಿ? ಆ ಕರೆಂಟ್ ಕಂಬದ ಮ್ಯಾಲ ದಿನಾ ಹೊತ್ತೇರೂತನಾ ಕುಂತಿರ್ತದ ನೋಡ್ರಿ" ಎನ್ನುತ್ತಾರೆ. ಹಕ್ಕಿಯ ದಿನಚರಿ ಅವರಷ್ಟು ಬಲ್ಲವರು ಇನ್ನಾರೂ ಇಲ್ಲ. ಯಾವ ಹೊಲದಲ್ಲಿ ನಾಳೆ ರಾಶಿ, ಎಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಾರೆ ಎಂದು ಕೇಳಿಟ್ಟುಕೊಳ್ಳಿ. ಇಲಿ, ಮಿಡತೆ ಎದ್ದಲ್ಲಿಗೆ ಹಕ್ಕಿ ತಾನೇ ಬರುತ್ತದೆ.

ಕೋಳಿ ಮಾಂಸ ಎಸೆದು ಹದ್ದು ಕರೆಯುವ ಚಾಳಿ ನನಗೆ ಸ್ವಲ್ಪವೂ ಸೇರದು. ಹಾಗೆ ತೆಗೆದ ಚಿತ್ರಗಳಲ್ಲಿ ಹಕ್ಕಿ ಯಾವಾಗಲೂ ಒಂದೇ ಭಂಗಿಯಲ್ಲಿ ಎರಗುತ್ತಿರುತ್ತದೆ, ಜನರ ಕೈ ನೋಡುವುದನ್ನೂ ಕಲಿಯುತ್ತದೆ. ಗೂಡಿನ ವಿಷಯದಲ್ಲಿ ಕಾನೂನೇ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡುವುದನ್ನೂ ಬೇಟೆಯೆಂದೇ ಎಣಿಸುತ್ತದೆ. ಹ್ಯಾರಿಯರ್‌ಗಳು ರಾತ್ರಿ ಮರದ ಮೇಲೆ ಮಲಗುವುದಿಲ್ಲ, ಹುಲ್ಲುಗಾವಲಿನ ನೆಲದ ಮೇಲೆ ಗುಂಪಾಗಿ ತಂಗುತ್ತವೆ. ಮಧ್ಯ ಏಷ್ಯಾದ ಬಯಲಿನಿಂದ ಇಲ್ಲಿಯವರೆಗೆ ಹಾರಿ ಬಂದ ಹಕ್ಕಿಗಳವು. ಹೊತ್ತು ಮುಳುಗುವಾಗ ಆ ಹುಲ್ಲಿನೊಳಗೆ ನಡೆದರೆ ಇಡೀ ಗುಂಪು ಕತ್ತಲಲ್ಲಿ ಏಳುತ್ತದೆ. ದೂರದ ದಾರಿಯ ಮೇಲೆ ನಿಂತು, ಅವು ಇಳಿಯಲು ಬರುವ ಹಾದಿಯಲ್ಲಿ ಆಕಾಶದಲ್ಲೇ ತೆಗೆಯಿರಿ, ಬೆಳಕು ಹೋದ ಮೇಲೆ ಸದ್ದಿಲ್ಲದೆ ಹೊರಡಿ. ಚಿತ್ರ ಹಂಚುವಾಗ ತಾಲೂಕಿನ ಹೆಸರು ಸಾಕು. ತಂಗುವ ಹುಲ್ಲುಗಾವಲಿನದೋ ಗೂಡಿರುವ ಮರದ್ದೋ ಮ್ಯಾಪ್ ಗುರುತು ಯಾವ ಗುಂಪಿಗೂ ಹಾಕಬೇಡಿ, ಕ್ಯಾಮೆರಾ ಅಥವಾ ಫೋನ್ ಚಿತ್ರದಲ್ಲೇ ಲೊಕೇಶನ್ ಬರೆದಿಡುತ್ತಿದ್ದರೆ ಹಂಚುವ ಮೊದಲು ಅದನ್ನು ಅಳಿಸಿ.